ಮನವಿ ಪತ್ರದ ಕೋಷ್ಟಕ: ಉಡುಪಿ ಜಿಲ್ಲೆಯ ಒಂದು ಸಣ್ಣ ಸರ್ಕಾರಿ ಕಾಲೇಜಿನ ಪ್ರಕರಣ

ಉಡುಪಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪ್ರವೇಶಾತಿ ವರ್ಷದಿಂದ ವರ್ಷಕ್ಕೆ ಕುಸಿದು, ಕಾಲೇಜು ಉಳಿಯುತ್ತದೆಯೇ ಎಂಬ ಮಾತು ಊರಿನಲ್ಲಿ ಎದ್ದಿತ್ತು. ಅಲ್ಲಿಂದ ಮುಂದೆ ಅಧ್ಯಾಪಕರು ಏನೇನು ಮಾಡಿದರು, ಯಾವುದು ಕೈಕೊಟ್ಟಿತು, ಯಾವ ತೀರ್ಮಾನದಿಂದ ದಾರಿ ತಿರುಗಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ಅವಧಿಯಲ್ಲಿ ನಾನು ಅಲ್ಲಿ ಪಾಠ ಮಾಡುತ್ತಾ ಆಂತರಿಕ ಗುಣಮಟ್ಟ ಭರವಸಾ ಕೋಶದ ಸಂಯೋಜಕಿಯೂ ಆಗಿದ್ದೆ. ಊರಿನ ಹೆಸರು, ವ್ಯಕ್ತಿಗಳ ಗುರುತು, ಕೆಲವರ ಹುದ್ದೆ ಇವನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಘಟನೆಗಳ ಕ್ರಮವನ್ನು ಬದಲಿಸಿಲ್ಲ.

ಯಾರು ಕೇಳಿದ ಕಾಲೇಜು

ಕರಾವಳಿಗೆ ಕಾಲೇಜುಗಳ ಕೊರತೆ ಎಂದರೆ ಹೊರಗಿನವರು ನಂಬುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆಗಳನ್ನು ತೆರೆಯಿತು. 1880ರಲ್ಲಿ ಸೈಂಟ್ ಅಲೋಶಿಯಸ್, 1921ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸೈಂಟ್ ಆಗ್ನೆಸ್ ಕಾಲೇಜು ಬಂದವು. ಉಡುಪಿಯಲ್ಲಿ 1949ರಲ್ಲಿ ಟಿ.ಎಂ.ಎ. ಪೈಯವರ ಮುತುವರ್ಜಿಯಿಂದ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು, 1960ರಲ್ಲಿ ಪೂರ್ಣಪ್ರಜ್ಞ, ಕುಂದಾಪುರದಲ್ಲಿ 1963ರಲ್ಲಿ ಭಂಡಾರ್‌ಕಾರ್ಸ್ ಕಾಲೇಜು ಆರಂಭವಾದವು. ಚರ್ಚು, ಮಠ, ಸಮುದಾಯದ ಟ್ರಸ್ಟು, ಊರಿನ ದಾನಿಗಳು, ಹೀಗೆ ಬಹುಪಾಲು ಕಾಲೇಜುಗಳು ಖಾಸಗಿ ಕೈಗಳಿಂದ ಎದ್ದವು. ಮಂಗಳೂರಿನಲ್ಲಿ ಬ್ರಿಟಿಷರ ಕಾಲದಿಂದ ಇದ್ದ ಸರ್ಕಾರಿ ಕಾಲೇಜು 1993ರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಘಟಕ ಕಾಲೇಜಾಯಿತು. ಹಳ್ಳಿಯ ಬಡ ಮನೆಯ ಮಗಳೊಬ್ಬಳು ಸರ್ಕಾರಿ ಶುಲ್ಕ ಕೊಟ್ಟು ಪದವಿ ಓದುವುದಾದರೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಈ ದೊಡ್ಡ ಪಟ್ಟಿಯಲ್ಲಿ ಉತ್ತರ ಕಡಿಮೆ.

1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಅದಾಗಿ ಹತ್ತು ವರ್ಷಕ್ಕೆ, 2007-08ರ ಸುಮಾರಿಗೆ, ರಾಜ್ಯ ಸರ್ಕಾರ ಒಂದೇ ಅಲೆಯಲ್ಲಿ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಕಾಲೇಜುಗಳನ್ನು ಮಂಜೂರು ಮಾಡಿತು. ನಮ್ಮದು ಅವುಗಳಲ್ಲೊಂದು.

ಮಂಜೂರಾತಿ ತಾನಾಗಿ ಬಂದದ್ದಲ್ಲ. ಊರಿನಲ್ಲಿ ಅದಕ್ಕಾಗಿ ಒಂದು ಹೋರಾಟ ಸಮಿತಿ ಇತ್ತು. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಹಾಲು ಉತ್ಪಾದಕರ ಸಂಘದ ಅಧ್ಯಕ್ಷರು, ಮೀನು ಮಾರುತ್ತಿದ್ದು ಪಂಚಾಯತ್ ಸದಸ್ಯೆಯಾಗಿದ್ದ ಒಬ್ಬ ಮಹಿಳೆ, ಇಬ್ಬರು ಅಂಗಡಿಯವರು. ಪದವಿ ಕಾಲೇಜಿರುವ ಪಟ್ಟಣಕ್ಕೆ ಅಲ್ಲಿಂದ ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಪಿ.ಯು.ಸಿ. ಮುಗಿದ ಹುಡುಗರು ಮುಂಬಯಿಯ ಅಥವಾ ಬೆಂಗಳೂರಿನ ಹೋಟೆಲಿಗೆ ಹೋಗುತ್ತಿದ್ದರು. ಹುಡುಗಿಯರು ಗೇರುಬೀಜದ ಕಾರ್ಖಾನೆಗೆ ಸೇರುತ್ತಿದ್ದರು, ಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಿದ್ದರು, ಇಲ್ಲವೇ ತಾಯಿಯ ಪಕ್ಕ ಕುಳಿತು ಬೀಡಿ ಕಟ್ಟುತ್ತಿದ್ದರು.

ಮೊದಲ ತರಗತಿಗಳು ನಡೆದದ್ದು ಹಿರಿಯ ಪ್ರಾಥಮಿಕ ಶಾಲೆಯ ಎರಡು ಕೋಣೆಗಳಲ್ಲಿ. ಮಧ್ಯಾಹ್ನದ ಊಟದ ಗಂಟೆ ಬಾರಿಸಿದಾಗ ಪಾಠ ನಿಲ್ಲಿಸಬೇಕಾಗುತ್ತಿತ್ತು. ಸ್ವಂತ ಜಾಗಕ್ಕಾಗಿ ಗುರುತಿಸಿದ್ದು ಊರ ಹೊರಗಿನ ಮುರಕಲ್ಲಿನ ಪದವು, ಅಂದರೆ ಮೇಲೆ ಬಯಲಿನಂತಿರುವ ಗುಡ್ಡ. ಅದರ ಒಂದು ಅಂಚು ಕುಮ್ಕಿ (ಕೃಷಿ ಜಮೀನಿಗೆ ತಾಗಿದ, ಜಮೀನಿನವರಿಗೆ ಬಳಕೆಯ ಹಕ್ಕಿರುವ ಸರ್ಕಾರಿ ಜಾಗ) ಎಂದು ಒಬ್ಬರ ತಕರಾರು, ಇನ್ನೊಂದು ಅಂಚು ಪರಿಭಾವಿತ ಅರಣ್ಯದ (ಅರಣ್ಯವೆಂದೇ ಪರಿಗಣಿಸಿದ ಜಾಗದ) ಪಟ್ಟಿಯಲ್ಲಿದೆ ಎಂದು ಅರಣ್ಯ ಇಲಾಖೆಯ ತಕರಾರು. ಈ ಜಿಲ್ಲೆಯಲ್ಲಿ ಸರ್ಕಾರಿ ಕಟ್ಟಡಕ್ಕೆ ಜಾಗ ಹುಡುಕಿದವರಿಗೆ ಇವೆರಡೂ ಚೆನ್ನಾಗಿ ಗೊತ್ತು. ಕಡತ ತಾಲೂಕು ಕಚೇರಿಗೂ ಅರಣ್ಯ ಇಲಾಖೆಗೂ ನಡುವೆ ವರ್ಷಗಟ್ಟಲೆ ಓಡಾಡಿತು. ಕೊನೆಗೆ ಕಟ್ಟಡ ಎದ್ದಿತು: ಕೆಳಗೆ ನಾಲ್ಕು ಕೋಣೆಗೆ ತಾರಸಿ, ಹಿಂದಿನ ಎರಡು ಕೋಣೆಗೆ ಶೀಟಿನ ಮಾಡು. ಜುಲೈ ತಿಂಗಳ ಮಳೆ ಆ ಶೀಟಿನ ಮೇಲೆ ಬೀಳತೊಡಗಿದರೆ ಮೊದಲ ಬೆಂಚಿಗೂ ಪಾಠ ಕೇಳಿಸದು. ಅಂಥ ಹೊತ್ತಿನಲ್ಲಿ ನಾವು ಬೋರ್ಡಿನ ಮೇಲೆ ಬರೆದು ಬರೆದೇ ಪಾಠ ಮುಗಿಸುತ್ತಿದ್ದೆವು.

ಆದರೂ ಮೊದಲ ಎಂಟು ಹತ್ತು ವರ್ಷ ಕೋಣೆಗಳು ತುಂಬಿದ್ದವು. ಬಿ.ಎ. ಮತ್ತು ಬಿ.ಕಾಂ. ಎರಡೇ ಪದವಿ, ಓದುವವರಲ್ಲಿ ಹುಡುಗಿಯರೇ ಹೆಚ್ಚು. ಬೋಧನಾ ಶುಲ್ಕದಲ್ಲಿ ಅವರಿಗೆ ಸಿಗುತ್ತಿದ್ದ ವಿನಾಯಿತಿ ಎಷ್ಟೋ ಮನೆಗಳಲ್ಲಿ ಮಾತನ್ನು ಅವರ ಪರವಾಗಿ ಮುಗಿಸುತ್ತಿತ್ತು.

ಕುಸಿತ

ಆಮೇಲೆ ಇಳಿತ ಶುರುವಾಯಿತು. ಕಾರಣಗಳು ಕಣ್ಣೆದುರೇ ಇದ್ದವು. ಪಟ್ಟಣದ ಖಾಸಗಿ ಕಾಲೇಜುಗಳ ಹಳದಿ ಬಸ್ಸು ನಮ್ಮ ಊರಿನ ಕಟ್ಟೆಯವರೆಗೆ ಬರತೊಡಗಿತು. ಅವರಲ್ಲಿ ಬಿ.ಕಾಂ. ಜೊತೆಗೆ ಲೆಕ್ಕ ಪರಿಶೋಧಕರ ಪರೀಕ್ಷೆಗೂ ತರಬೇತಿ. ಸರ್ಕಾರಿ ಕಾಲೇಜುಗಳಲ್ಲೂ ಕೆಲವು ಬೆಳೆದವು. ಉಡುಪಿ ಅಜ್ಜರಕಾಡಿನ ಮಹಿಳಾ ಕಾಲೇಜು, ಮಂಗಳೂರು ರಥಬೀದಿಯ ಕಾಲೇಜು ಎರಡೂ ಸರ್ಕಾರಿಯೇ, ಎರಡೂ ದಾನಿಗಳ ಹೆಸರು ಹೊತ್ತಿವೆ. ಪದವಿನ ಮೇಲಿನ ನಮ್ಮ ಕಾಲೇಜಿಗೆ ಅಂಥ ದಾನಿ ಸಿಕ್ಕಿರಲಿಲ್ಲ. ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟು, ವಾಣಿಜ್ಯ ವಿಭಾಗವಂತೂ ಪೂರ್ತಿ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿತ್ತು.

ವಿದ್ಯಾರ್ಥಿಗಳ ಸಂಖ್ಯೆ ತೀರಾ ಕಡಿಮೆಯಾದರೆ ವಿಷಯ ಸಂಯೋಜನೆ, ಅಂದರೆ ಒಟ್ಟಿಗೆ ಓದುವ ವಿಷಯಗಳ ಗುಂಪು, ಮುಚ್ಚುತ್ತದೆ. ಸಂಯೋಜನೆ ಮುಚ್ಚಿದರೆ ಕಾರ್ಯಭಾರ ಇಳಿಯುತ್ತದೆ, ಕಾರ್ಯಭಾರ ಇಳಿದರೆ ಹುದ್ದೆ ಬೇರೆಡೆಗೆ ಹೋಗುತ್ತದೆ. ಹುದ್ದೆ ಹೋದ ಕಾಲೇಜಿಗೆ ಮುಂದಿನ ವರ್ಷ ಮಕ್ಕಳು ಇನ್ನೂ ಕಡಿಮೆ ಬರುತ್ತಾರೆ. ಸಣ್ಣ ಸರ್ಕಾರಿ ಕಾಲೇಜುಗಳು ಮುಚ್ಚುವುದು ಹೀಗೆ, ಯಾರೂ ಮುಚ್ಚಬೇಕು ಎಂದು ಆದೇಶ ಹೊರಡಿಸದೆಯೇ.

ಅಧ್ಯಾಪಕರ ಸಭೆಯಲ್ಲಿ ಎಲ್ಲರ ಕಣ್ಣೂ ಜೂನ್ ತಿಂಗಳ ಪ್ರವೇಶಾತಿಯ ಅಂಕಿಯ ಮೇಲಿತ್ತು. ಸೇರಿದ ಮಕ್ಕಳು ಮೂರನೆಯ ಸೆಮಿಸ್ಟರ್ ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದವರು ವಿರಳ. ಈ ಪ್ರಕರಣದ ತಿರುಳು ಆ ಕೇಳದ ಪ್ರಶ್ನೆಯಲ್ಲಿತ್ತು.

ಮೊದಲ ಪ್ರಯತ್ನಗಳು

ಬ್ಯಾನರ್ ಕಟ್ಟಿದೆವು, ಸುತ್ತಲಿನ ಪದವಿಪೂರ್ವ ಕಾಲೇಜುಗಳಿಗೆ ಹೋಗಿ ಮಾತನಾಡಿದೆವು. ಅದರಿಂದ ಹೆಚ್ಚೇನೂ ಆಗಲಿಲ್ಲ, ನಷ್ಟವೂ ಆಗಲಿಲ್ಲ.

ಎರಡನೆಯ ಪ್ರಯತ್ನ ಬಿ.ಬಿ.ಎ. ಪಟ್ಟಣದ ಕಾಲೇಜುಗಳಲ್ಲಿ ಅದಕ್ಕೆ ಬೇಡಿಕೆಯಿತ್ತು. ಕಾಲೇಜು ಅಭಿವೃದ್ಧಿ ಸಮಿತಿ ಒಪ್ಪಿತು, ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ ಬಂದು ಕೋಣೆ, ಗ್ರಂಥಾಲಯ ನೋಡಿತು, ಅನುಮತಿಯೂ ಸಿಕ್ಕಿತು. ಸೇರಿದವರು ಬೆರಳೆಣಿಕೆಯ ಮಕ್ಕಳು. ಪಾಠ ಮಾಡಲು ಆ ವಿಷಯದ ಕಾಯಂ ಅಧ್ಯಾಪಕರು ಒಬ್ಬರೂ ಇರಲಿಲ್ಲ. ಬಿ.ಬಿ.ಎ. ಬೇಕೆಂದವರು ಪಟ್ಟಣಕ್ಕೇ ಹೋದರು. ಪಟ್ಟಣಕ್ಕೆ ಹೋಗಲಾಗದವರಿಗೆ ಬಿ.ಬಿ.ಎ. ಬೇಕಿರಲಿಲ್ಲ. ಒಂದು ಒಳ್ಳೆಯ ಕೋಣೆ ಮತ್ತು ಅತಿಥಿ ಉಪನ್ಯಾಸಕರ ಬಹಳಷ್ಟು ಗಂಟೆಗಳು ಅದಕ್ಕೆ ಮೀಸಲಾದವು.

ಮೂರನೆಯದು ಹಾಜರಾತಿಯ ಬಿಗಿ. ವಿಶ್ವವಿದ್ಯಾಲಯದ ನಿಯಮದಂತೆ ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಕಡಿಮೆ ಇದ್ದವರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕುವುದು, ಮನೆಗೆ ದೂರವಾಣಿ ಮಾಡುವುದು, ಪೋಷಕರನ್ನು ಕರೆಸುವುದು ಎಂದು ಸಭೆ ತೀರ್ಮಾನಿಸಿತು. ಉದ್ದೇಶ ಒಳ್ಳೆಯದೇ. ಪರಿಣಾಮ ತಿರುಗುಬಾಣವಾಯಿತು. ಒಬ್ಬಳು ವಿದ್ಯಾರ್ಥಿನಿಯ ತಾಯಿ ಬಂದು ಪ್ರಾಂಶುಪಾಲರ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಸರ್, ನೀವು ಹೇಳಿದ್ದು ಸರಿ. ಅವಳಿಗೆ ಪರೀಕ್ಷೆಗೆ ಕೂರಲಿಕ್ಕೆ ಆಗುವುದಿಲ್ಲ ಎಂದಾದರೆ ಬಸ್ಸಿನ ದುಡ್ಡು ಯಾಕೆ ಸುರಿಯುವುದು? ಮನೆಯಲ್ಲೇ ಇರಲಿ." ಆ ಹುಡುಗಿ ಮತ್ತೆ ಬರಲಿಲ್ಲ. ಅಂಥ ಮನೆಗಳು ಇನ್ನೂ ಇದ್ದವು. ಎಚ್ಚರಿಸಲೆಂದು ಮಾಡಿದ ಕರೆ ಓದು ನಿಲ್ಲಿಸಲು ಮನೆಯವರಿಗೆ ಕಾರಣ ಒದಗಿಸುತ್ತಿತ್ತು.

ನಡುವೆ ಕೋವಿಡ್ ಬಂತು. ಪದವಿನ ಆಚೆಯ ಹಳ್ಳಿಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗದು, ಅಣ್ಣ ತಮ್ಮ ತಂಗಿ ಎಲ್ಲರಿಗೂ ಸೇರಿ ಒಂದೇ ಫೋನು. ತರಗತಿಗಳು ಮತ್ತೆ ಆರಂಭವಾದಾಗ ಹಿಂದಿನ ಹಲವು ಮುಖಗಳು ಇರಲಿಲ್ಲ.

ಕಡತದಲ್ಲಿದ್ದ ಹಾಳೆಗಳು

ತಿರುವು ಬಂದದ್ದು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ರಾಷ್ಟ್ರೀಯ ಸಂಸ್ಥೆ) ಮೌಲ್ಯಾಂಕನದ ತಯಾರಿಯಲ್ಲಿ. ನ್ಯಾಕ್‌ನ ಆಗಿನ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತ ಮತ್ತು ನಾಯಕತ್ವದ ಕುರಿತು. ಸಂಸ್ಥೆಯ ದೃಷ್ಟಿ ಮತ್ತು ಧ್ಯೇಯ ಏನು, ಆಡಳಿತ ಅದಕ್ಕೆ ಹೊಂದುತ್ತದೆಯೇ ಎಂದು ಅಲ್ಲಿ ಬರೆಯಬೇಕಿತ್ತು. ಏಳನೆಯದರಲ್ಲಿ ಸಂಸ್ಥೆಯ ವೈಶಿಷ್ಟ್ಯವನ್ನು ಕೇಳುತ್ತಿದ್ದರು.

ನಮ್ಮ ಕಾಲೇಜಿನ ಪಡಸಾಲೆಯಲ್ಲಿ ಧ್ಯೇಯವಾಕ್ಯದ ಫಲಕವೊಂದು ಇತ್ತು. ಜಾಗತಿಕ ಸವಾಲುಗಳನ್ನು ಎದುರಿಸಬಲ್ಲ ನಾಯಕರನ್ನು ರೂಪಿಸುವುದು ಎಂಬ ಅರ್ಥದ ನಾಲ್ಕು ಸಾಲು. ಆ ಸಾಲುಗಳನ್ನು ಯಾವ ಕಾಲೇಜಿನ ಗೋಡೆಗೆ ತೂಗುಹಾಕಿದರೂ ನಡೆಯುತ್ತದೆ. ಅದಕ್ಕೆ ಆಧಾರವಾಗಿ ನಾವು ಏನು ದಾಖಲೆ ಕೊಡುವುದು ಎಂದು ಹುಡುಕಿದಾಗ ಕೈಗೆ ಏನೂ ಸಿಗಲಿಲ್ಲ.

ಅದೇ ವಾರ, ವಿಶ್ವವಿದ್ಯಾಲಯದ ಮಾನ್ಯತೆಯ ನವೀಕರಣಕ್ಕೆ ಮೂಲ ಮಂಜೂರಾತಿ ಆದೇಶ ಬೇಕಾಗಿ ದ್ವಿತೀಯ ದರ್ಜೆ ಸಹಾಯಕರು ಹಳೆಯ ಕಡತವನ್ನು ತೆಗೆದರು. ಆದೇಶದ ಹಿಂದೆ ಹೋರಾಟ ಸಮಿತಿಯ ಮನವಿಯ ಪ್ರತಿ ಇತ್ತು. ಮೊದಲ ಪುಟ ಎಲ್ಲ ಮನವಿಗಳಂತೆಯೇ: ಮಾನ್ಯರೇ, ಹಿಂದುಳಿದ ಪ್ರದೇಶ, ದಯಮಾಡಿ. ನಂತರ ಮಾತ್ರ ಪೂರ್ಣ ಹಾಳೆಗಳ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದ ಒಂದು ಕೋಷ್ಟಕ. ಗ್ರಾಮ, ಹಿಂದಿನ ಮೂರು ವರ್ಷಗಳಲ್ಲಿ ಪಿ.ಯು.ಸಿ. ಪಾಸಾದವರು, ಪದವಿಗೆ ಹೋದವರು, ಹೋಗದವರು, ಕೊನೆಯಲ್ಲಿ ಕಾರಣ. ನೀಲಿ ಶಾಯಿಯ ಗುಂಡು ಅಕ್ಷರ, ಮಾಸ್ತರರದ್ದೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾರಣದ ಕಾಲಮ್ಮಿನಲ್ಲಿ ಅವರು ಒಬ್ಬೊಬ್ಬರ ಬಗ್ಗೆಯೂ ಬರೆದಿದ್ದರು. ತಮ್ಮನನ್ನು ಓದಿಸಬೇಕು. ಸಂಜೆಯ ಬಸ್ಸು ಕತ್ತಲಾದ ಮೇಲೆ. ಶುಲ್ಕ. ಮಳೆಗಾಲದಲ್ಲಿ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಮುಳುಗುತ್ತದೆ. ಒಂದು ಸಾಲು ಹೀಗಿತ್ತು: "ಹುಡುಗಿ ಓದುತ್ತೇನೆ ಎನ್ನುತ್ತಾಳೆ. ಮನೆಯವರು ಬೇಡ ಎನ್ನುವುದಿಲ್ಲ. ಹೋಗಿ ಬರುವ ದಾರಿ ಇಲ್ಲ."

ಸಮಿತಿಯವರು ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆ ಅದು. ಅದನ್ನು ಬರೆದ ಮಾಸ್ತರರು, ಸಮಿತಿಯಲ್ಲಿದ್ದ ಆ ನಿವೃತ್ತ ಮುಖ್ಯೋಪಾಧ್ಯಾಯರು, ಆಗ ಬದುಕಿದ್ದರು. ಪ್ರಾಂಶುಪಾಲರೂ ನಾನೂ ಅವರ ಮನೆಗೆ ಹೋದೆವು. ಯಾಕೆ ಇಷ್ಟು ವಿವರವಾಗಿ ಬರೆದಿರಿ ಮಾಸ್ಟ್ರೇ ಎಂದು ಕೇಳಿದ್ದಕ್ಕೆ, "ಕಾಲೇಜು ಬೇಕು ಎಂದು ಎಲ್ಲ ಊರಿನವರೂ ಅರ್ಜಿ ಕೊಡುತ್ತಾರೆ. ಯಾರಿಗೆ ಬೇಕು ಎಂದು ನಾವು ತೋರಿಸಬೇಕಿತ್ತು" ಎಂದರು.

ಕಾಲೇಜಿನ ಧ್ಯೇಯ ಆ ಕೋಷ್ಟಕದಲ್ಲಿ ಇತ್ತು ಎಂದು ನಾನು ಇಂದಿಗೂ ನಂಬುತ್ತೇನೆ. ಪಿ.ಯು.ಸಿ. ಪಾಸಾಗಿಯೂ ದಾರಿ, ದುಡ್ಡು, ಹೊತ್ತು ಈ ಮೂರರಲ್ಲಿ ಯಾವುದೋ ಒಂದು ಅಡ್ಡ ಬಂದು ಮನೆಯಲ್ಲಿ ಉಳಿದವರಿಗಾಗಿ ಹುಟ್ಟಿದ ಕಾಲೇಜು ಇದು.

ಸಭೆಯ ವಾದ

ಧ್ಯೇಯವನ್ನು ಹೀಗೆ ಬರೆಯೋಣ ಎಂದಾಗ ಎಲ್ಲರೂ ಒಪ್ಪಲಿಲ್ಲ. ವಾಣಿಜ್ಯ ವಿಭಾಗದ ಒಬ್ಬ ಅತಿಥಿ ಉಪನ್ಯಾಸಕರು ಬಲವಾಗಿ ವಿರೋಧಿಸಿದರು. "ಬಡವರ ಕಾಲೇಜು ಎಂದು ನಾವೇ ಬರೆದುಕೊಂಡರೆ ಪಾಠವೂ ಬಡವಾಗುತ್ತದೆ ಮೇಡಂ. ಇಲ್ಲಿ ಓದಿದವನಿಗೂ ಮಣಿಪಾಲದ ಕಚೇರಿಯಲ್ಲಿ ಕೆಲಸ ಸಿಗಬೇಕು" ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ದೂರದ ಊರಿನ ಮಕ್ಕಳು ಎಂಬ ಕನಿಕರದಿಂದ ಉತ್ತರ ಪತ್ರಿಕೆಯನ್ನು ಸಡಿಲವಾಗಿ ನೋಡಿ ಕಳುಹಿಸಿದ ಕಾಲೇಜುಗಳಿವೆ. ಅಲ್ಲಿ ಪದವಿ ಪಡೆದವರು ಬ್ಯಾಂಕಿನ ಪರೀಕ್ಷೆಯಲ್ಲಿ ಮೊದಲ ಸುತ್ತು ದಾಟುವುದಿಲ್ಲ.

ಹಾಗಾಗಿ ತೀರ್ಮಾನ ಎರಡು ಭಾಗವಾಯಿತು. ಬರಲು ಅಡ್ಡಿಯಾಗುವುದನ್ನು ತೆಗೆಯುವುದರಲ್ಲಿ ಕಾಲೇಜು ತನ್ನ ಕೈಲಾದಷ್ಟೂ ಬಗ್ಗುತ್ತದೆ. ಪಾಠ ಮತ್ತು ಪರೀಕ್ಷೆಯಲ್ಲಿ ಬಗ್ಗುವುದಿಲ್ಲ. ವಿರೋಧಿಸಿದವರೇ ಎರಡನೆಯ ಭಾಗದ ಹೊಣೆ ಹೊತ್ತರು. ಕನ್ನಡ ಮಾಧ್ಯಮದಿಂದ ಬಂದವರು ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಲೆಕ್ಕದಲ್ಲಲ್ಲ, ಇಂಗ್ಲಿಷ್ ಪುಸ್ತಕದಲ್ಲಿ ಎಂದು ಅವರಿಗೆ ಗೊತ್ತಿತ್ತು. ಮೊದಲ ತಿಂಗಳು ಖಾತೆ, ಜಮೆ, ಖರ್ಚು, ಸವಕಳಿ ಎಲ್ಲವನ್ನೂ ಊರಿನ ಸಹಕಾರಿ ಸಂಘದ ವಾರ್ಷಿಕ ವರದಿಯನ್ನು ಮುಂದಿಟ್ಟುಕೊಂಡು ಎರಡೂ ಭಾಷೆಯಲ್ಲಿ ಕಲಿಸತೊಡಗಿದರು. ಆ ವರದಿ ಎಷ್ಟೋ ಮಕ್ಕಳ ಮನೆಗೆ ಪ್ರತಿ ವರ್ಷ ಅಂಚೆಯಲ್ಲಿ ಬರುತ್ತಿದ್ದದ್ದು, ಅಪ್ಪ ಸದಸ್ಯರಾದ್ದರಿಂದ.

ಬಿ.ಬಿ.ಎ. ನಿಲ್ಲಿಸುವ ತೀರ್ಮಾನ ಅತ್ಯಂತ ಕಷ್ಟದ್ದು. ಇರುವ ಪದವಿಯನ್ನು ಬಿಟ್ಟುಕೊಡುವುದು ಸೋಲು ಎಂದು ಅಭಿವೃದ್ಧಿ ಸಮಿತಿಯ ಕೆಲವರಿಗೆ ಅನಿಸಿತು. ಪ್ರಾಂಶುಪಾಲರು ಆ ಕೋಷ್ಟಕವನ್ನೇ ಸಭೆಯಲ್ಲಿ ಓದಿದರು. ಸೇರಿದ್ದ ಮಕ್ಕಳು ಪದವಿ ಮುಗಿಸುವ ತನಕ ನಡೆಸಿ ಹೊಸ ಪ್ರವೇಶ ನಿಲ್ಲಿಸಬೇಕು, ತೆರವಾಗುವ ಗಂಟೆಗಳನ್ನು ಬಿ.ಕಾಂ. ಮೊದಲ ವರ್ಷಕ್ಕೆ ಕೊಡಬೇಕು ಎಂದು ಒಪ್ಪಿಗೆಯಾಯಿತು.

ಮತ್ತೆ ಅದೇ ಸಮೀಕ್ಷೆ

ಮಾಸ್ತರರ ಕಾಲಮ್ಮುಗಳನ್ನೇ ಇಟ್ಟುಕೊಂಡು ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಅದೇ ಗ್ರಾಮಗಳಿಗೆ ಹೋದರು. ಒಂದು ಕಾಲಮ್ಮು ಹೊಸದಾಗಿ ಸೇರಿಸಿದೆವು: ಸೇರಿ ನಡುವೆ ಬಿಟ್ಟವರು. ಅಲ್ಲಿ ನಮ್ಮ ಕಾಲೇಜಿನ ಹೆಸರು ಮತ್ತೆ ಮತ್ತೆ ಬಂತು.

ಜೊತೆಗೆ ಹಾಜರಿ ಪುಸ್ತಕಗಳನ್ನು ಕುಳಿತು ಓದಿದೆವು. ಸಾಮಾನ್ಯವಾಗಿ ನಾವು ಅದರ ಕೊನೆಯ ಕಾಲಮ್ಮಿನ ಶೇಕಡಾವಾರನ್ನು ನೋಡುತ್ತೇವೆ. ಈ ಬಾರಿ ದಿನದ ಯಾವ ಅವಧಿಯಲ್ಲಿ ಯಾರು ಇಲ್ಲ ಎಂದು ನೋಡಿದೆವು. ಒಂದು ಕಡೆಯ ಹಳ್ಳಿಗಳ ಮಕ್ಕಳೆಲ್ಲ ಮೊದಲ ಅವಧಿಯಲ್ಲಿ ಗೈರು, ಎರಡನೆಯದರಿಂದ ಹಾಜರು. ಕಾಲೇಜಿನ ಗಂಟೆ ಒಂಬತ್ತೂವರೆಗೆ. ಆ ಕಡೆಯಿಂದ ಬರುವ ಖಾಸಗಿ ಬಸ್ಸು ಕೆಳಗಿನ ನಿಲ್ದಾಣ ಮುಟ್ಟುವುದು ಒಂಬತ್ತೂ ಮುಕ್ಕಾಲಿಗೆ, ಪದವು ಹತ್ತುವುದಕ್ಕೆ ಇನ್ನೂ ಹತ್ತು ನಿಮಿಷ. ದಿನವೂ ಬೆವರಿಳಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲುವ ಆ ಹುಡುಗಿಯರನ್ನು ನಾವು ಶಿಸ್ತಿಲ್ಲದವರು ಎಂದು ಕರೆಯುತ್ತಿದ್ದೆವು. ಮೊದಲ ಅವಧಿಯಲ್ಲಿ ಯಾವ ವಿಷಯ ಬಂದಿತೋ ಆ ವಿಷಯದಲ್ಲಿ ಅವರಿಗೆ ಹಾಜರಿ ಕೊರತೆ. ಒಂದು ವಿಷಯದ ಕೊರತೆಯಿಂದ ಮನೆಗೆ ಕರೆ, ಕರೆಯಿಂದ ಓದಿಗೆ ಕೊನೆ.

ಹುಡುಗರ ಗೈರು ಬೇರೆ ಬಗೆ. ದೀಪಾವಳಿ ಕಳೆದ ಮೇಲೆ ಹೆಚ್ಚಾಗಿ ಮೇ ತನಕ ಮುಂದುವರಿಯುತ್ತದೆ. ಯಕ್ಷಗಾನ ಮೇಳದ ತಿರುಗಾಟ, ದೈವಗಳ ನೇಮ ಕೋಲಗಳು, ಮದುವೆ ಊಟದ ಅಡುಗೆ ಮತ್ತು ಬಡಿಸುವ ಕೆಲಸ ಎಲ್ಲ ಆ ತಿಂಗಳುಗಳವು. ರಾತ್ರಿ ದುಡಿದವನು ಬೆಳಿಗ್ಗೆ ಬರುವುದಿಲ್ಲ. ಮೀನುಗಾರ ಕುಟುಂಬದ ಕೆಲವರದ್ದು ಇನ್ನೊಂದು ಲೆಕ್ಕ: ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಕಾಲೇಜಿನ ನೆನಪು. ಆಗಸ್ಟಿನಲ್ಲಿ ಬೋಟು ಇಳಿದ ಕೂಡಲೇ ಅವರು ಮಾಯ.

ಮಳೆಯದ್ದು ಮೂರನೆಯ ಬಗೆ. ಭಾರೀ ಮಳೆಗೆ ಜಿಲ್ಲಾಧಿಕಾರಿಗಳು ಘೋಷಿಸುವ ರಜೆ ಎಷ್ಟೋ ಸಲ ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಮಾತ್ರ. ಪದವಿ ಕಾಲೇಜು ನಡೆಯುತ್ತದೆ. ತೋಡಿನ (ಹಳ್ಳದ) ಮೇಲಿನ ಕಾಲುಸಂಕ ಪದವಿ ವಿದ್ಯಾರ್ಥಿಗಳಿಗೆಂದು ಬೇರೆ ಇಲ್ಲ.

ಗಂಟೆ, ಬಸ್ಸು, ಹಾಜರಿ

ಬಸ್ಸಿನ ಸಮಯ ಬದಲಿಸಲು ಮೊದಲು ಪ್ರಯತ್ನಿಸಿದೆವು. ಬಸ್ಸಿನ ಮಾಲೀಕರು ಒಳ್ಳೆಯವರು, ಕಾಲು ಗಂಟೆ ಬೇಗ ಬಿಡಲು ಸಿದ್ಧ. ಆದರೆ ಆ ಹೊತ್ತಿಗೆ ಅದೇ ದಾರಿಯಲ್ಲಿ ಇನ್ನೊಬ್ಬರ ಪರವಾನಗಿ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳ ಟೈಮಿಂಗ್ ತಕರಾರು ಎಂದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಸಭೆಯ ತನಕ ಹೋಗುವ ವಿಷಯ. ಸರ್ಕಾರಿ ಬಸ್ಸಿಗಾಗಿ ಕೊಟ್ಟ ಮನವಿಗೂ ಉತ್ತರ ತಡವಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ರಾಜ್ಯದ ಬೇರೆಡೆಯ ವಿದ್ಯಾರ್ಥಿನಿಯರು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಕಾಲೇಜಿಗೆ ಹೋಗತೊಡಗಿದರು. ಖಾಸಗಿ ಬಸ್ಸೇ ಓಡುವ ನಮ್ಮ ದಾರಿಯ ಹುಡುಗಿಯರು ಟಿಕೆಟಿಗೆ ದುಡ್ಡು ಕೊಡುತ್ತಲೇ ಇದ್ದರು. ಈ ಅನ್ಯಾಯ ನನ್ನನ್ನು ಈಗಲೂ ಕಾಡುತ್ತದೆ.

ನಮ್ಮ ಕೈಯಲ್ಲಿ ಇದ್ದದ್ದು ಕಾಲೇಜಿನ ಗಂಟೆ. ಅದನ್ನು ಹತ್ತು ಗಂಟೆಗೆ ಸರಿಸಿದೆವು. ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಯಾರಾದರೂ ಕೇಳಬಹುದು. ಪಟ್ಟಣದಿಂದ ಬರುವ ಅಧ್ಯಾಪಕರಿಗೆ ಸಂಜೆಯ ಬಸ್ಸು ತಪ್ಪುತ್ತಿತ್ತು. ಮಧ್ಯಾಹ್ನದ ಮೇಲೆ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಗಂಟೆಗಳು ಹೊಂದುತ್ತಿರಲಿಲ್ಲ. ಅವರ ತೊಂದರೆ ನಿಜವಾದದ್ದು, ಅವರ ಸಂಬಳವೂ ಹೇಳಿಕೊಳ್ಳುವಂಥದ್ದಲ್ಲ. ಹಾಗಾಗಿ ಅವರ ಅವಧಿಗಳನ್ನು ಬೆಳಗಿನ ಭಾಗಕ್ಕೆ ಕೊಟ್ಟು, ಕಾಯಂ ಅಧ್ಯಾಪಕರು ಕೊನೆಯ ಅವಧಿಗಳನ್ನು ತೆಗೆದುಕೊಂಡೆವು. ಊಟದ ಬಿಡುವು ಕಡಿತವಾಯಿತು.

ಹಾಜರಿ ಕೊರತೆಯ ಕರೆಯ ಪದ್ಧತಿಯೂ ಬದಲಾಯಿತು. ಸೂಚನಾ ಫಲಕದ ಪಟ್ಟಿ ಹೋಯಿತು. ತಿಂಗಳ ಕೊನೆಗೆ ಮಾರ್ಗದರ್ಶಕ ಅಧ್ಯಾಪಕರು ವಿದ್ಯಾರ್ಥಿಯೊಂದಿಗೇ ಮೊದಲು ಕುಳಿತು, ಮುಂದಿನ ತಿಂಗಳು ಯಾವ ದಿನ ಯಾವ ಅವಧಿಗೆ ಬಂದರೆ ಶೇ. 75 ಮುಟ್ಟುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕುತ್ತಾರೆ. ಮನೆಗೆ ಕರೆ ಮಾಡುವುದು ಆಮೇಲೆ. ಕರೆ ಮಾಡಿದಾಗಲೂ ಕೊರತೆ ಎಷ್ಟೆಂದು ಹೇಳುವುದರ ಜೊತೆಗೆ ಅದನ್ನು ಹೇಗೆ ತುಂಬಬಹುದು ಎಂದೂ ಹೇಳುತ್ತಾರೆ. ರಾತ್ರಿ ದುಡಿಯುವ ಹುಡುಗರೊಂದಿಗೆ ಈ ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಯಾವ ದಿನಗಳನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂದು ಅವರೇ ತಿಳಿದು ಒಪ್ಪಿಕೊಳ್ಳತೊಡಗಿದರು. ಆಂತರಿಕ ಪರೀಕ್ಷೆಗಳನ್ನು ಭಾರೀ ಮಳೆಯ ವಾರಗಳಿಂದ ಆಚೆಗೆ ಇಟ್ಟೆವು. ಸಂಕ ಮುಳುಗಿದ ದಿನ ಬರಲಾಗದವರಿಗೆ ಬೇರೆ ದಿನ, ಬೇರೆ ಪ್ರಶ್ನೆಪತ್ರಿಕೆ.

ಏನಾಯಿತು, ಏನಾಗಲಿಲ್ಲ

ಹೊಸ ಪ್ರವೇಶಾತಿ ಜಿಗಿಯಲಿಲ್ಲ. ಇಳಿಯುವುದು ನಿಂತಿತು, ಅಷ್ಟೆ. ಒಳಗೆ ಬಂದವರು ಉಳಿದದ್ದು ನಿಜವಾದ ಬದಲಾವಣೆ. ಬಸ್ಸು ತಡವಾಗಿ ಮುಟ್ಟುತ್ತಿದ್ದ ಆ ಕಡೆಯ ಹಳ್ಳಿಗಳಿಂದ ಸೇರಿದ ಹುಡುಗಿಯರಲ್ಲಿ ಮೂರನೆಯ ವರ್ಷಕ್ಕೆ ತಲುಪುವವರು ಕಣ್ಣಿಗೆ ಕಾಣುವಷ್ಟು ಹೆಚ್ಚಾದರು. ಮೂರು ವರ್ಷಗಳ ಒಟ್ಟು ಸಂಖ್ಯೆ ಇದರಿಂದಲೇ ಏರಿತು, ಸಂಯೋಜನೆಗಳು ಉಳಿದವು. ಹೊಸಬರನ್ನು ತರಲು ಪಟ್ಟ ಪಾಡಿನ ಕಾಲುಭಾಗದಷ್ಟನ್ನು ಇದ್ದವರನ್ನು ಉಳಿಸಿಕೊಳ್ಳಲು ಹಾಕಿದಾಗ ಫಲ ಹೆಚ್ಚು ಸಿಕ್ಕಿತು.

ನ್ಯಾಕ್‌ನಲ್ಲಿ ಬಂದದ್ದು ಬಿ ಶ್ರೇಣಿ. ನಾಲ್ಕರ ಮಾಪನದಲ್ಲಿ 2.01ರಿಂದ 2.50ರ ಒಳಗಿನ ಶ್ರೇಣಿ ಅದು, ಬೀಗುವಂಥದ್ದೇನಲ್ಲ. ಸಂಶೋಧನೆ, ಮೂಲಸೌಕರ್ಯ ಎರಡರಲ್ಲೂ ನಮಗೆ ಅಂಕ ಕಡಿಮೆ. ವೈಶಿಷ್ಟ್ಯದ ಭಾಗದಲ್ಲಿ ನಾವು ಎರಡು ಕೋಷ್ಟಕಗಳನ್ನು, ಹಳೆಯದನ್ನೂ ಹೊಸದನ್ನೂ, ಅಕ್ಕಪಕ್ಕ ಇಟ್ಟೆವು. ನ್ಯಾಕ್ ತಂಡದವರು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಅದನ್ನೇ ಹಿಡಿದುಕೊಂಡು ಬಹಳ ಹೊತ್ತು ಪ್ರಶ್ನೆ ಕೇಳಿದರು.

ಮೀನುಗಾರ ಕುಟುಂಬದ ಹುಡುಗರ ವಿಷಯದಲ್ಲಿ ನಮಗೆ ಏನೂ ಸಾಧಿಸಲಾಗಲಿಲ್ಲ. ದಿನಗೂಲಿಯ ಎದುರು ಮೂರು ವರ್ಷದ ಪದವಿಯನ್ನು ಇಟ್ಟು ವಾದಿಸುವ ಶಕ್ತಿ ಕಾಲೇಜಿನ ವೇಳಾಪಟ್ಟಿಗೆ ಇಲ್ಲ. ಕಾಲುಸಂಕದ ಬದಲು ಕಿರು ಸೇತುವೆ ಆಗಬೇಕೆಂಬ ಬೇಡಿಕೆಯೂ ಪಂಚಾಯತಿಯಲ್ಲೇ ಇದೆ. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ನಮ್ಮ ಬಿ.ಕಾಂ. ಪಾಠಗಳು ವಾರಗಟ್ಟಲೆ ನಿಂತವು. ಅವರ ಬೇಡಿಕೆ ನ್ಯಾಯದ್ದೇ ಆಗಿತ್ತು. ಮಕ್ಕಳು ಬಂದರೂ ಪಾಠ ಹೇಳುವವರಿಲ್ಲದ ಆ ದಿನಗಳಲ್ಲಿ ಮತ್ತೆ ಕೆಲವರು ಜಾರಿಹೋದರು. ಸ್ಥಳೀಯವಾಗಿ ಎಷ್ಟೇ ಜಾಣತನದಿಂದ ನಡೆಸಿದರೂ ಕಾಯಂ ಹುದ್ದೆಯ ಕೊರತೆಯನ್ನು ಕಾಲೇಜೊಂದು ತಾನಾಗಿ ತುಂಬಲಾರದು.

ಇಂಥ ಕಾಲೇಜುಗಳಲ್ಲಿರುವವರಿಗೆ

ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದೇ ಸ್ಥಿತಿಯಲ್ಲಿರುವ ಕಾಲೇಜುಗಳ ಸಹೋದ್ಯೋಗಿಗಳು ಕೇಳಿದಾಗ ನಾನು ಹೇಳುವುದು ಕೆಲವೇ ಸಂಗತಿ. ನಿಮ್ಮ ಕಾಲೇಜಿನ ಮಂಜೂರಾತಿ ಆದೇಶದ ಹಿಂದಿನ ಹಾಳೆಗಳನ್ನು ಹುಡುಕಿ ಓದಿ. ಎಲ್ಲ ಕಡೆ ಕೋಷ್ಟಕ ಇರಲಾರದು. ಆದರೆ ಕಾಲೇಜಿಗಾಗಿ ಓಡಾಡಿದ ಹಿರಿಯರು ಯಾರಾದರೂ ಇರುತ್ತಾರೆ, ಅವರು ಇರುವಾಗಲೇ ಹೋಗಿ ಕೇಳಿ. ಹಾಜರಿ ಪುಸ್ತಕದಲ್ಲಿ ಶೇಕಡಾವಾರಿನ ಜೊತೆಗೆ ಅವಧಿಯನ್ನೂ ಊರನ್ನೂ ನೋಡಿ. ಹೊಸ ಪದವಿಗೆ ಅರ್ಜಿ ಹಾಕುವ ಮೊದಲು, ಅದು ಬೇಕೆನ್ನುವವರು ನಿಮ್ಮಲ್ಲಿಗೆ ಬರುವವರೇ, ಪಟ್ಟಣಕ್ಕೆ ಹೋಗಬಲ್ಲವರೇ ಎಂದು ವಿಚಾರಿಸಿ. ಸಭೆಯಲ್ಲಿ ವಿರೋಧಿಸುವವರ ಮಾತನ್ನು ತೀರ್ಮಾನದ ಒಳಗೆ ಸೇರಿಸಿಕೊಳ್ಳಿ. ನಮ್ಮಲ್ಲಿ ಪಾಠದ ಮಟ್ಟ ಇಳಿಯದೆ ಉಳಿದದ್ದು ಆ ಒಬ್ಬ ಅತಿಥಿ ಉಪನ್ಯಾಸಕರ ಹಟದಿಂದ.

ಒಂದು ಚಿಂತೆ ಉಳಿದೇ ಇತ್ತು. ಸರ್ಕಾರಿ ಕಾಲೇಜಿನಲ್ಲಿ ಪ್ರಾಂಶುಪಾಲರೂ ಅಧ್ಯಾಪಕರೂ ವರ್ಗಾವಣೆಯಾಗುತ್ತಾರೆ. ಕೌನ್ಸೆಲಿಂಗಿನಲ್ಲಿ ನಮ್ಮಲ್ಲಿ ಹಲವರು ಬೇರೆ ಊರಿಗೆ ಹೋದೆವು. ಹೊಸಬರು ಬಂದು ಗಂಟೆಯನ್ನು ಮತ್ತೆ ಒಂಬತ್ತೂವರೆಗೆ ತರುವುದು ಒಂದು ಸುತ್ತೋಲೆಯ ಕೆಲಸ. ಅದಕ್ಕಾಗಿ ಹೋಗುವ ಮೊದಲು ಪ್ರವೇಶ ಅರ್ಜಿಯಲ್ಲಿಯೇ ಮೂರು ಪ್ರಶ್ನೆ ಸೇರಿಸಿದೆವು: ಯಾವ ಬಸ್ಸಿನಲ್ಲಿ ಬರುತ್ತೀರಿ, ಅದು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ವರ್ಷದ ಯಾವ ತಿಂಗಳುಗಳಲ್ಲಿ ಕೆಲಸಕ್ಕೆ ಹೋಗುತ್ತೀರಿ. ಈ ಉತ್ತರಗಳ ಪಟ್ಟಿ ಕಚೇರಿಯಲ್ಲಿ ಸಿದ್ಧವಾಗದೆ ವೇಳಾಪಟ್ಟಿ ಅಂತಿಮವಾಗಬಾರದು ಎಂದು ಅಭಿವೃದ್ಧಿ ಸಮಿತಿಯ ನಡಾವಳಿಯಲ್ಲಿ ಬರೆಸಿದೆವು. ಈಗಿನ ಪ್ರಾಂಶುಪಾಲರು ಕಳೆದ ಬಾರಿ ಆ ಪಟ್ಟಿಯನ್ನು ನೋಡಿ ಶನಿವಾರದ ಕೊನೆಯ ಅವಧಿಯನ್ನೂ ತೆಗೆದಿದ್ದಾರೆ. ಆ ದಿನ ಸಂಜೆಯ ಒಂದು ಟ್ರಿಪ್ ಕಡಿತವಾಗಿತ್ತು.